ಶ್ರೀಮಾನ್ ತಪ್ಪು ವಿಳಾಸ ಅವರಿಗೆ

ಸನ್ಮಾನ್ಯರೇ,

ನಾಗರಬಾವಿಯಿಂದ ನಮಸ್ಕಾರ. ನಮ್ಮ ಏರಿಯಾದಲ್ಲಿ ತಾವು ಹಳೇ ನಿವಾಸಿಗಳು. ಯಾವ ಸ್ಟೇಜು, ಯಾವ ಬ್ಲಾಕು, ಎಷ್ಟನೇ ಮೇನು ಅಂತ ಮೂರು ಸಲ ಫೋನಿನಲ್ಲಿ ಕೇಳದೆ ಪಾರ್ಸಲ್ ಹುಡುಗ ಯಾರ ಮನೆ ಬಾಗಿಲಿಗೂ ಬಂದವನಲ್ಲ.

ಆದರೆ ತಮ್ಮ ಪ್ರತಿಭೆ ನಿಜವಾಗಿ ಬೆಳಗುವುದು ಮಾನಸಿಕ ಆಸ್ಪತ್ರೆಯ ಅಡ್ಮಿಷನ್ ಫಾರಂನಲ್ಲಿ. ಕಾಯಿಲೆಯ ಹೆಂಡತಿಯನ್ನೋ ತಂಗಿಯನ್ನೋ ಕರೆದುಕೊಂಡು ಗಂಡನೋ ಅಣ್ಣನೋ ಬರುತ್ತಾನೆ. ಅವಳನ್ನು ಬೆಂಚಿನ ಮೇಲೆ, ತಮ್ಮನ್ನು ಫಾರಂನ ಮೇಲೆ ಕೂರಿಸಿ, ‘ಒಂದು ಕಾಫಿ ಕುಡಿದು ಬಂದೆ’ ಅಂತ ಹೊರಡುತ್ತಾನೆ. ವರ್ಷಗಳಾದರೂ ಆ ಕಾಫಿ ಮುಗಿದಿಲ್ಲ. ಬೀಗವಾದರೆ ಕೀಲಿಯಿಂದ ತೆಗೆಯಬಹುದು, ತಮ್ಮನ್ನು ಯಾವ ಕೀಲಿಯಿಂದ ತೆಗೆಯುವುದು ಸ್ವಾಮಿ?

ಪಾರ್ಲಿಮೆಂಟೇ ತಮ್ಮ ಮೇಲೆ ಬಿದ್ದು ನೋಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮನೆಯವರು ಒಪ್ಪುತ್ತಿಲ್ಲ, ಮನೆಯೇ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬಲವಂತವಾಗಿ ತಲೆ ಬೋಳಿಸಬಾರದು, ಮುಟ್ಟಾದಾಗ ಬೇಕಾದ್ದನ್ನು ಕೊಡಬೇಕು ಎನ್ನುತ್ತದೆ 20ನೆಯದು. (ಇಷ್ಟನ್ನು ಹೇಳಲೂ ಕಾನೂನೇ ಬೇಕಾಯಿತು, ಗಮನಿಸಿ.) ಕಾಯಿಲೆಗೆ ಚಿಕಿತ್ಸೆ ಎಂದು ಸಂತಾನಹರಣ ಆಪರೇಷನ್ ಮಾಡಬಾರದು, ಸರಪಳಿ ಬಿಗಿಯಬಾರದು ಎನ್ನುತ್ತದೆ 95ನೆಯದು. ನಮ್ಮ ಲಾ ಸ್ಕೂಲ್ ಇರುವುದೂ ನಾಗರಬಾವಿಯಲ್ಲೇ. ಸೆಕ್ಷನ್ನುಗಳಿಗೆ ಇಲ್ಲಿ ಬರವಿಲ್ಲ.

ಸಂಶೋಧಕಿಯರೂ ಸುಮ್ಮನಿರಲಿಲ್ಲ. ಬಾಲ್ಯದಲ್ಲಿ ತನ್ನ ತಾಯಿಯನ್ನೇ ಇಂಥ ಗೋಡೆಗಳೊಳಗೆ ಕಂಡ ಭಾರ್ಗವಿ ದಾವರ್, ಭಾರತದ ಹೆಂಗಸರ ಮಾನಸಿಕ ಆರೋಗ್ಯದ ಬಗ್ಗೆ 1999ರಲ್ಲೇ ಸ್ತ್ರೀವಾದಿ ಪುಸ್ತಕ ಬರೆದರು. ರಾಷ್ಟ್ರೀಯ ಮಹಿಳಾ ಆಯೋಗಕ್ಕಾಗಿ ನಮ್ಮ ನಿಮ್ಹಾನ್ಸ್‌ನವರು ದೇಶದ ಹಲವು ಮಾನಸಿಕ ಆಸ್ಪತ್ರೆಗಳ ಹೆಂಗಸರ ಸ್ಥಿತಿಯನ್ನು ನೋಡಿ 2016ರಲ್ಲಿ ವರದಿ ಕೊಟ್ಟರು. ತಾವು ಮಾತ್ರ ಜಗ್ಗಲಿಲ್ಲ.

ತಮ್ಮ ಬೆನ್ನಿಗೆ ನಿಂತಿರುವುದು ನಮ್ಮ ಗಾದೆ. ‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.’ ಗಂಡು ಮಕ್ಕಳ ವಿಷಯದಲ್ಲಿ ನಾವು ಇದರ ಮೊದಲರ್ಧವನ್ನಷ್ಟೇ ನಂಬಿ ಲಗ್ನಪತ್ರಿಕೆ ಅಚ್ಚು ಹಾಕಿಸುತ್ತೇವೆ. ಸೊಸೆಗೆ ಕಾಯಿಲೆ ಬಂದರೆ ಗಾದೆ ಬೇಡ, ವಿಚ್ಛೇದನಕ್ಕೆ ದಾರಿ ಕೊಡುವ 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ನೆನಪಾಗುತ್ತದೆ. ಆ ಸೆಕ್ಷನ್ ಗಂಡ ಹೆಂಡತಿ ಇಬ್ಬರಿಗೂ ಒಂದೇ, ಆದರೆ ಅಡ್ಮಿಷನ್ ಬೆಂಚಿನ ಮೇಲೆ ಗಂಡನನ್ನು ಬಿಟ್ಟು ಕಾಫಿಗೆ ಹೋದ ಹೆಂಡತಿಯನ್ನು ನಾನಂತೂ ಕಂಡಿಲ್ಲ.

ಹೋದ ವರ್ಷ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ವಯಸ್ಸಾದ ಅಕ್ಕ ಒಬ್ಬರು ನನ್ನ ಕೈ ಹಿಡಿದುಕೊಂಡರು. ಡಾಕ್ಟರು ಡಿಸ್ಚಾರ್ಜ್ ಬರೆದು ಎಷ್ಟೋ ಕಾಲವಾಗಿತ್ತು. ಅವರ ದಿಂಬಿನಡಿ ‘ವಿಳಾಸದಾರರು ಇಲ್ಲ’ ಎಂಬ ಷರಾ ಹೊತ್ತು ವಾಪಸಾದ ಕಾಗದ, ಮಡಿಕೆಯಲ್ಲಿ ಹರಿದು ಬಂದಿತ್ತು. ಅದರ ಮೇಲಿದ್ದವರು ತಾವೇ. ‘ಅದು ಸುಳ್ಳು ಕಣಮ್ಮಾ, ನೀರಿನ ಟ್ಯಾಂಕ್ ಎದುರು, ಹಸಿರು ಗೇಟು, ಬಾಗಿಲಲ್ಲಿ ಪಾರಿಜಾತ’ ಅಂದರು.

ನಾಗರಬಾವಿಗೆ ಬಂದು ಹುಡುಕಿದೆ. ಟ್ಯಾಂಕ್ ಇದೆ. ಎದುರಿಗೆ ಐದಂತಸ್ತಿನ ಲೇಡೀಸ್ ಪಿ.ಜಿ. ಇದೆ. ಕಾಂಪೌಂಡಿನ ಮೂಲೆಯಲ್ಲಿ, ಸ್ಕೂಟರುಗಳ ಹಿಂದೆ, ಪಾರಿಜಾತವೂ ಇದೆ. ಹುಚ್ಚಿ ಹೇಳಿದ ವಿಳಾಸ ಸರಿಯಿತ್ತು.

ಇಂತಿ,
ತಮ್ಮ ನೆರೆಯವಳು,
ಟ್ಯಾಂಕ್ ರಸ್ತೆ, ನಾಗರಬಾವಿ
(ಈ ವಿಳಾಸಕ್ಕೆ ಕಾಗದ ತಲುಪುತ್ತದೆ.)