ಕಂಪೈಲ್ ಮೀಮಾಂಸೆ, ಅಥವಾ ಸ್ವತಂತ್ರ ತಂತ್ರಾಂಶದ ಪರತಂತ್ರ ದರ್ಶನ

ಶಾಸ್ತ್ರಗ್ರಂಥವನ್ನಾರಂಭಿಸುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳನ್ನು ಮೊದಲೇ ನಿರೂಪಿಸತಕ್ಕದ್ದೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಗ್ರಂಥದ ವಿಷಯವು ಮುಕ್ತ ತಂತ್ರಾಂಶದ ಸೋರ್ಸ್ ಕೋಡನ್ನು ಉಚಿತ ಉಪಕರಣಗಳಿಂದಲೇ ಕಂಪೈಲ್ ಮಾಡಿ, ಒಂದು ಯಂತ್ರದಿಂದ ಮತ್ತೊಂದಕ್ಕೆ ಪೋರ್ಟ್ ಮಾಡುವುದು. ಅಧಿಕಾರಿಯು, ಸಿದ್ಧ ಬೈನರಿಯು ಒಂದೇ ಕ್ಲಿಕ್ಕಿಗೆ ದೊರೆಯುತ್ತಿದ್ದರೂ ಅದನ್ನು ತೃಣವೆಂದೆಣಿಸಿ ಶನಿವಾರದ ರಾತ್ರಿಯನ್ನು ಟರ್ಮಿನಲ್ಲಿನ ಮುಂದೆ ಕಳೆಯಬಲ್ಲ ವಿರಕ್ತನು. ಸಂಬಂಧವು ಆತನಿಗೂ ಆತನ ಮನೆಮಂದಿಗೂ ಹಿಂದೆ ಇದ್ದದ್ದು. ಪ್ರಯೋಜನದ ವಿಚಾರದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲವಾದುದರಿಂದ ಅದನ್ನು ಗ್ರಂಥದ ಉತ್ತರಭಾಗಕ್ಕೆ ಬಿಟ್ಟಿದ್ದೇವೆ; ಉತ್ತರಭಾಗವನ್ನು ಬರೆಯುವ ಸಂಕಲ್ಪವು ನಮಗಿಲ್ಲ.

ಆತ್ಮಾಶ್ರಯ, ಅನ್ಯೋನ್ಯಾಶ್ರಯ, ಅನವಸ್ಥೆ ಎಂಬ ದೋಷಗಳಲ್ಲಿ ಒಂದು ತಲೆದೋರಿದರೂ ವಾದವು ನೆಲಕಚ್ಚಿತೆಂದು ನಮ್ಮ ತಾರ್ಕಿಕರು ಸಾರಿದರಷ್ಟೆ. ಈ ಶಾಸ್ತ್ರದಲ್ಲಾದರೋ ಮೂರೂ ದೋಷಗಳು ಕೂಡಿ ಬಾಳುತ್ತಿರುವುದಲ್ಲದೆ, ಅವುಗಳಿಲ್ಲದೆ ಕಾರ್ಯವೇ ಸಾಗದು. 1983ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಗ್ನು ಯೋಜನೆಯನ್ನು ಘೋಷಿಸಿ ಬಳಕೆದಾರನಿಗೆ ಸ್ವಾತಂತ್ರ್ಯವನ್ನು ಕರುಣಿಸಹೊರಟರು; ಆ ಸ್ವಾತಂತ್ರ್ಯವನ್ನು ಚಲಾಯಿಸಲೆಳಸಿದವನ ಕೈಗೆ ಮೊದಲು ಬರುವುದು ಡಿಪೆಂಡೆನ್ಸಿಗಳ ಪಟ್ಟಿ. ಸ್ವತಂತ್ರ ತಂತ್ರಾಂಶದಷ್ಟು ಪರತಂತ್ರವಾದ ವಸ್ತುವು ಮೂರು ಲೋಕಗಳಲ್ಲಿಯೂ ಇಲ್ಲವೆಂಬುದೇ ನಮ್ಮ ಪ್ರತಿಜ್ಞೆ.

ಮೊದಲು ಆತ್ಮಾಶ್ರಯ. 1987ರಲ್ಲಿ ಅವತರಿಸಿದ ಜಿಸಿಸಿ ಎಂಬ ಕಂಪೈಲರನ್ನು ಕಂಪೈಲ್ ಮಾಡಲು ಕಂಪೈಲರೇ ಬೇಕು. ಯಂತ್ರದಲ್ಲಿ ಮೊದಲೇ ಇರುವ ಯಾವುದೋ ಕಂಪೈಲರು ಪ್ರಥಮ ಘಟ್ಟದಲ್ಲಿ ಹೊಸ ಜಿಸಿಸಿಯನ್ನು ಹಡೆಯುತ್ತದೆ. ಹಾಗೆ ಹುಟ್ಟಿದ ಶಿಶುವು ದ್ವಿತೀಯ ಘಟ್ಟದಲ್ಲಿ ಅದೇ ಸೋರ್ಸಿನಿಂದ ತನ್ನನ್ನೇ ಮರಳಿ ಹಡೆಯುತ್ತದೆ. ಆ ಎರಡನೆಯದು ತೃತೀಯ ಘಟ್ಟದಲ್ಲಿ ಮತ್ತೊಮ್ಮೆ ಹಡೆಯುತ್ತದೆ. ತರುವಾಯ ಎರಡನೆಯ, ಮೂರನೆಯ ಘಟ್ಟಗಳ ಆಬ್ಜೆಕ್ಟ್ ಫೈಲುಗಳನ್ನು ಹೋಲಿಸಿ, ಭೇದವಿಲ್ಲದಿದ್ದರೆ ಸುಸೂತ್ರ ಪ್ರಸವವಾಯಿತೆಂದು ಸಾರಲಾಗುತ್ತದೆ. ‘ಹಾಗಾದರೆ ಮೂಲಪುರುಷನಾದ ಆ ಮೊದಲ ಕಂಪೈಲರನ್ನು ನಂಬುವುದೆಂತು?’ ಎಂದು ಪೂರ್ವಪಕ್ಷಿಯು ಕೇಳಬಹುದು. ಸೋರ್ಸಿನಲ್ಲಿ ಎಲ್ಲಿಯೂ ಕಾಣದ ಕುಟಿಲವೊಂದನ್ನು ಕಂಪೈಲರು ತನ್ನ ಸಂತತಿಗೆ ಗುಟ್ಟಾಗಿ ದಾಟಿಸಬಲ್ಲದೆಂದು ಕೆನ್ ಥಾಮ್ಸನ್ನರು ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ತೋರಿಸಿಕೊಟ್ಟದ್ದು 1984ರಲ್ಲಿಯೇ ಪ್ರಕಟವಾಗಿದೆ. ಆದಕಾರಣ ವಂಶಾವಳಿಯ ಪ್ರಶ್ನೆಯನ್ನು ಸಭೆಯಲ್ಲಿ ಎತ್ತತಕ್ಕದ್ದಲ್ಲ.

ಅನ್ಯೋನ್ಯಾಶ್ರಯಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಲಿನಕ್ಸಿನ ತೆರೆಯ ಮೇಲೆ ‘ಸ್ತ್ರೀ’ ಎಂಬುದರ ಒತ್ತುಗಳು ಅಕ್ಕಪಕ್ಕಕ್ಕೆ ಚೆದರದೆ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿದ್ದರೆ ಅದು ಬಹುಮಟ್ಟಿಗೆ ಹಾರ್ಫ್‌ಬಝ್ ಲೈಬ್ರರಿಯ ಉಪಕಾರ. ಅಕ್ಷರದ ರೇಖೆಗಳನ್ನು ಚುಕ್ಕೆಗಳಾಗಿಸುವುದು ಫ್ರೀಟೈಪಿನ ಕೆಲಸ. ಪೂರ್ಣರೂಪದ ಫ್ರೀಟೈಪಿಗೆ ಹಾರ್ಫ್‌ಬಝ್ ಬೇಕು. ಪೂರ್ಣರೂಪದ ಹಾರ್ಫ್‌ಬಝಿಗೆ ಫ್ರೀಟೈಪ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಪ್ರಾಜ್ಞರು ಕಂಡುಕೊಂಡ ಪರಿಹಾರವೆಂದರೆ, ಮೊದಲು ಫ್ರೀಟೈಪನ್ನು ಅರೆಬರೆಯಾಗಿ ಕಟ್ಟಿ, ಅದರ ಆಸರೆಯಲ್ಲಿ ಹಾರ್ಫ್‌ಬಝನ್ನು ನಿಲ್ಲಿಸಿ, ಅನಂತರ ಫ್ರೀಟೈಪನ್ನು ಮರಳಿ ಕಟ್ಟುವುದು. ಹೀಗೆ ಫ್ರೀಟೈಪಿಗೆ ದ್ವಿಜತ್ವವು ಪ್ರಾಪ್ತವಾಗುತ್ತದೆ.

ಅನವಸ್ಥೆಯನ್ನು ವಿವರಿಸತೊಡಗಿದರೆ ಅದು ಮುಗಿಯುವುದಿಲ್ಲ, ಬಿಟ್ಟಿದ್ದೇವೆ.

ಇನ್ನು ಕಾನ್ಫಿಗರ್ ಪ್ರಕರಣ. 1991ರಿಂದೀಚೆಗೆ ಆಟೊಕಾನ್ಫ್ ಎಂಬ ಉಪಕರಣವು ಸಾವಿರಾರು ಸಾಲುಗಳ ಸ್ಕ್ರಿಪ್ಟುಗಳನ್ನು ಹೊರಡಿಸುತ್ತಿದ್ದು, ಅವು ಯಂತ್ರವನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆಗಳ ಮಳೆಗರೆಯುತ್ತವೆ. ಸಿ ಕಂಪೈಲರು ಕೆಲಸ ಮಾಡುತ್ತಿದೆಯೇ? ಹೌದು. ಬಿಲ್ಡ್ ಪರಿಸರವು ಸ್ವಸ್ಥಚಿತ್ತವಾಗಿದೆಯೇ? ಹೌದು. ಈ ಎರಡನೆಯ ಪ್ರಶ್ನೆಯ ಗಾಂಭೀರ್ಯಕ್ಕೆ ಬೆರಗಾಗಿ ಸ್ಕ್ರಿಪ್ಟನ್ನು ತೆರೆದು ನೋಡಿದರೆ, ಅದು ಮುಖ್ಯವಾಗಿ ಪರೀಕ್ಷಿಸುತ್ತಿರುವುದು ಈಗತಾನೆ ಹುಟ್ಟಿಸಿದ ಫೈಲು ಹಳೆಯ ಫೈಲಿಗಿಂತ ಹೊಸದೇ ಎಂಬಷ್ಟನ್ನು ಮಾತ್ರ. ಗಡಿಯಾರ ನೆಟ್ಟಗಿದ್ದರೆ ಬುದ್ಧಿಯೂ ನೆಟ್ಟಗಿದ್ದಂತೆಯೇ ಎಂಬೀ ಸಿದ್ಧಾಂತವನ್ನು ಮನಶ್ಶಾಸ್ತ್ರಜ್ಞರು ಇನ್ನೂ ಗಮನಿಸಿದಂತಿಲ್ಲ.

ಕಾನ್ಫಿಗರನ್ನು ಗೆದ್ದವನು ಮೇಕಿಗೆ ಶರಣಾಗಬೇಕು. 1976ರಲ್ಲಿ ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಫೆಲ್ಡ್‌ಮನ್ನರು ರಚಿಸಿದ ಈ ಉಪಕರಣದಲ್ಲಿ ಆಜ್ಞೆಯ ಸಾಲು ಟ್ಯಾಬಿನಿಂದಲೇ ಆರಂಭವಾಗತಕ್ಕದ್ದು. ಎಂಟು ಸ್ಪೇಸುಗಳನ್ನಿಟ್ಟರೆ ಕಣ್ಣಿಗೆ ಲವಲೇಶವೂ ವ್ಯತ್ಯಾಸ ತೋರದು, ಮೇಕಿಗೆ ಮಾತ್ರ ತೋರುತ್ತದೆ. ಪ್ರತ್ಯಕ್ಷಕ್ಕೆ ನಿಲುಕದ ಈ ಭೇದವನ್ನು ದ್ವೈತಿಗಳು ಸ್ವಪಕ್ಷದ ಪ್ರಮಾಣವಾಗಿ ಬಳಸದೆ ಬಿಟ್ಟದ್ದೇ ಆಶ್ಚರ್ಯ. ಕಟ್ಟಳೆಯನ್ನು ಬದಲಿಸೋಣವೆಂದರೆ ಆ ವೇಳೆಗಾಗಲೇ ಹನ್ನೆರಡು ಮಂದಿಯಷ್ಟು ಬಳಕೆದಾರರು, ಬಹುತೇಕ ಮಿತ್ರರೇ, ಕೂಡಿಬಿಟ್ಟಿದ್ದರೆಂದೂ, ಅವರಿಗೆ ತೊಂದರೆ ಕೊಡಲು ಮನಸ್ಸಾಗಲಿಲ್ಲವೆಂದೂ ಕರ್ತೃವೇ ಹೇಳಿಕೊಂಡಿದ್ದಾರೆ. ಆ ದಾಕ್ಷಿಣ್ಯದ ಬಡ್ಡಿಯನ್ನು ಲೋಕವು ಇಂದಿಗೂ ತೆರುತ್ತಿದೆ. ಇಂದಿನ ಗ್ನು ಮೇಕಾದರೋ, ‘ಎಂಟು ಸ್ಪೇಸಿನ ಬದಲು ಟ್ಯಾಬ್ ಹಾಕಬೇಕೆಂದಿದ್ದಿರಾ?’ ಎಂದು ವಿನಯದಿಂದ ಕೇಳುತ್ತದೆ. ಉತ್ತರವು ತನಗೇ ತಿಳಿದಿದ್ದರೂ ಅಲ್ಲಿಯೇ ನಿಂತುಬಿಡುತ್ತದೆ.

ಪೋರ್ಟಿಂಗೆಂಬುದು ಪರಕಾಯಪ್ರವೇಶ. ಯುನಿಕ್ಸನ್ನು ಬೈಟುಗಳ ಅನುಕ್ರಮವೇ ಬೇರೆಯಾಗಿದ್ದ ಯಂತ್ರಕ್ಕೆ ಒಯ್ದಾಗ ಯು-ಎನ್-ಐ-ಎಕ್ಸ್ ಎಂಬ ಹೆಸರು ಜೋಡಿಜೋಡಿಯಾಗಿ ಮಗುಚಿಕೊಂಡು ಎನ್-ಯು-ಎಕ್ಸ್-ಐ ಎಂದು ಮೂಡಿತೆಂಬ ಐತಿಹ್ಯವಿದೆ. ಒಂದು ಯಂತ್ರದಲ್ಲಿ ಕುಳಿತು, ಎರಡನೆಯದರಲ್ಲಿ ಓಡುವ, ಮೂರನೆಯದಕ್ಕೆ ಕೋಡನ್ನು ಹೊರಡಿಸುವ ಕಂಪೈಲರನ್ನು ಕಟ್ಟುವ ವಿಧಿಗೆ ಕೆನಡಿಯನ್ ಕ್ರಾಸ್ ಎಂದು ಹೆಸರು. ನಾಮಕರಣದ ಕಾಲಕ್ಕೆ ಕೆನಡಾದಲ್ಲಿ ಮೂರು ರಾಷ್ಟ್ರೀಯ ಪಕ್ಷಗಳಿದ್ದುವಂತೆ. ಸಮ್ಮಿಶ್ರ ಸರ್ಕಾರಗಳ ಅನುಭವವು ನಮ್ಮ ನಾಡಿಗೆ ಧಾರಾಳವಾಗಿದ್ದರೂ ಆ ಕೀರ್ತಿಯು ಕೈತಪ್ಪಿತು.

ಇಷ್ಟನ್ನು ಓದಿಯೂ ಧೈರ್ಯಗೆಡದ ವಾಚಕಮಹಾಶಯರಲ್ಲಿ ಒಂದು ವಿಜ್ಞಾಪನೆ: ಬಿಲ್ಡ್ ಮುರಿದುಬಿದ್ದಾಗ ತೆರೆಯ ತಳದಲ್ಲಿ ಕಾಣುವ ಕೊನೆಯ ಎರರಿನ ಬೆನ್ನು ಹತ್ತಬೇಡಿರಿ. ಅನೇಕ ಕೆಲಸಗಳನ್ನು ಏಕಕಾಲದಲ್ಲಿ ಓಡಿಸಿದ್ದರೆ ಅವುಗಳ ಮಾತುಗಳು ಒಂದರೊಳಗೊಂದು ಬೆರೆತಿರುತ್ತವೆ. ಒಂದೊಂದಾಗಿ ನಡೆಯುವಂತೆ ಮೇಕನ್ನು ಮತ್ತೆ ಓಡಿಸಿ, ಮೇಲಕ್ಕೆ ಸರಿದು ಮೊದಲನೆಯ ಎರರನ್ನು ಓದಿರಿ. ಮಿಕ್ಕವು ಬಹುಪಾಲು ಅದರ ಮಕ್ಕಳು.