ಕಟ್ಟೆಯ ಮೇಲಿನ ಡಾಕ್ಟರರಿಗೆ ಒಂದು ಬಹಿರಂಗ ಪತ್ರ

ಕಲ್ಲೋಳಿಯ ಚಹಾದಂಗಡಿ ಕಟ್ಟೆಯ ಮೇಲೆ ದಿನಾಲೂ ದವಾಖಾನೆ ನಡೆಸುವ ಸಮಸ್ತ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಫೀ ಇಲ್ಲ, ಚೀಟಿ ಇಲ್ಲ, ಸೂಜಿ ಚುಚ್ಚುವ ತಾಪತ್ರಯವಂತೂ ಇಲ್ಲವೇ ಇಲ್ಲ. ಮೊನ್ನೆ ಶನಿವಾರ ಹಣಮಪ್ಪನ ದರ್ಶನ ಮುಗಿಸಿ ಬಂದ ನಮ್ಮ ಓಣಿಯವನೊಬ್ಬ ನಿಮ್ಮೆದುರೇ ಬೆವತು ಕೂತ. ಕೈ ಎಷ್ಟು ನಡುಗುತ್ತಿತ್ತೆಂದರೆ ಕಪ್ಪಿನೊಳಗಿನ ಚಹಾ ಅರ್ಧ ಬಸಿಗೆ ಬಂದಿತ್ತು. "ದೃಷ್ಟಿ ಆಗೇತಿ" ಎಂದರು ಒಬ್ಬರು. "ಬೀಪಿ ಲೋ ಆಗೇತಿ, ಒಂದು ಸಲಾಯಿನ್ ಹಚ್ಚಿಸ್ರಿ" ಎಂದರು ಇನ್ನೊಬ್ಬರು. ಮೂರನೆಯವರು ಮಾತೇ ಆಡದೆ ಕಬ್ಬಿನ ಹಾಲು ತರಿಸಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಅವನು ಚೇತರಿಸಿಕೊಂಡ, ನಿಮ್ಮ ಕೀರ್ತಿ ಗೋಕಾಕದವರೆಗೂ ಹಬ್ಬಿತು. ಸಂಜೆ ಅದೇ ನಡುಕ ಮತ್ತೆ ಬಂದದ್ದು ಮಾತ್ರ ಯಾಕೋ ಯಾರ ಕಿವಿಗೂ ಬೀಳಲಿಲ್ಲ.

ಅವನದು ಶನಿವಾರದ ಉಪವಾಸ. ಅಂದರೆ ಬೆಳಿಗ್ಗೆ ಒಂದು ತಾಟು ಸಾಬುದಾಣಿ ಕಿಚಡಿ, ಬಾಳೆಹಣ್ಣು, ಮೇಲೊಂದು ಸಕ್ಕರೆ ಚಹಾ. ಸಾಬುದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ. ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಹೊಟ್ಟೆ ಮುಂದೆ ಬಂದು, ಕುತ್ತಿಗೆಯ ಹಿಂದಿನ ಚರ್ಮ ಕಪ್ಪಗೆ ದಪ್ಪಗಾದವರಲ್ಲಿ ಅನೇಕರ ಸ್ನಾಯು, ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಇನ್ಸುಲಿನ್ ಪ್ರತಿರೋಧ ಎಂದರೆ ಇದೇ. ಆಗ ಮೇದೋಜೀರಕ ಗ್ರಂಥಿ ಮೊದಲು ತಡಮಾಡಿ, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಯುತ್ತದೆ, ಜಗಳ ಮುಗಿದ ಮೇಲೆ ಲಾಠಿ ಹಿಡಿದು ಬರುವ ಪೊಲೀಸರಂತೆ. ಅಷ್ಟರಲ್ಲಿ ಸಕ್ಕರೆ ತಾನೇ ಇಳಿಯುತ್ತಿರುತ್ತದೆ. ಉಂಡು ಮೂರು ನಾಲ್ಕು ತಾಸಿಗೆ ಅದು ಧೊಪ್ಪನೆ ಬಿದ್ದು, ಅಡ್ರಿನಲಿನ್ ಎದ್ದು, ಬೆವರು, ನಡುಕ, ಎದೆಬಡಿತ, ಹೊಟ್ಟೆ ಕಿತ್ತು ಬರುವ ಹಸಿವು, ಹೆಂಡತಿಯ ಮೇಲೆ ಕಾರಣವಿಲ್ಲದ ಸಿಟ್ಟು. ನಿಮ್ಮ ಕಬ್ಬಿನ ಹಾಲು ಆ ನಡುಕ ನಿಲ್ಲಿಸಿತು, ಒಪ್ಪಿದೆ. ಮುಂದಿನ ನಡುಕಕ್ಕೆ ಮುಂಗಡವನ್ನೂ ಕೊಟ್ಟಿತು.

ಇನ್ನು ನಡುಗಿದವರಿಗೆಲ್ಲ ಶುಗರ್ ಲೋ ಎಂದೂ ಅಲ್ಲ. ಅಮೆರಿಕದ ಸರ್ಜನ್ ಅಲೆನ್ ವಿಪಲ್ 1930ರ ದಶಕದಲ್ಲೇ ಮೂರು ಸಾಕ್ಷಿ ಕೇಳಿದ್ದರು: ಲಕ್ಷಣ ಇರಬೇಕು, ಅದೇ ಹೊತ್ತಿಗೆ ಅಳೆದರೆ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ನಿಮ್ಮಲ್ಲಿ ಒಂದನೆಯದು, ಮೂರನೆಯದು ಧಾರಾಳ ಸಿಗುತ್ತವೆ. ನಡುವಿನದಕ್ಕೆ ಬೆರಳು ಚುಚ್ಚಬೇಕಲ್ಲ!

ಆದರೆ ಗ್ಲಿಮೆಪಿರೈಡ್‌ನಂಥ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತಗೊಂಡು ಉಪವಾಸ ಮಾಡುವವರ ಮಾತೇ ಬೇರೆ. ಅವರಿಗೆ ಸಕ್ಕರೆ 70ರ ಕೆಳಗಿಳಿದರೆ ಎಚ್ಚರಿಕೆ, 54ರ ಕೆಳಗಾದರೆ ಗಂಭೀರ ಅಪಾಯ. ಇಲ್ಲಿ ನಿಮ್ಮ ಕಬ್ಬಿನ ಹಾಲಿಗೆ ನನ್ನ ತಕರಾರಿಲ್ಲ. ಸಕ್ಕರೆ ಅಳೆಯುವ ಮಷಿನ್ ಇಲ್ಲವೆಂದು ಕಾಯಲೂಬೇಡಿ. ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿಸಿ. ಊರಭಿಮಾನಕ್ಕೆಂದು ಗೋಕಾಕ ಕರದಂಟು ಮಾತ್ರ ತಿನ್ನಿಸಬೇಡಿ. ಅದರ ತುಪ್ಪ, ಗೋಡಂಬಿ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತವೆ. ಎಚ್ಚರ ತಪ್ಪಿದವರ ಬಾಯಿಗೆ ಹನಿ ನೀರೂ ಹಾಕದೆ ಗಾಡಿ ಹತ್ತಿಸಿ. ಎದ್ದು ಕೂತರೂ ದವಾಖಾನೆಗೆ ಒಯ್ಯಿರಿ. ಆ ಗುಳಿಗೆಯ ಪ್ರಭಾವ ತಾಸುಗಟ್ಟಲೆ ಇದ್ದು ಸಕ್ಕರೆಯನ್ನು ಮತ್ತೆ ಕೆಡವುತ್ತದೆ.

ಗುಳಿಗೆ ಇಲ್ಲದ ನಮ್ಮ ಓಣಿಯವನಿಗೆ ಬೇಕಾದದ್ದು ಇಷ್ಟೂ ಅಲ್ಲ. ಕಿಚಡಿ ಅರ್ಧ ಮಾಡಿ ಶೇಂಗಾ, ಮೊಸರು ಹೆಚ್ಚಿಸಲಿ. ಉಳಿದ ದಿನ ರೊಟ್ಟಿ, ಹೆಸರುಕಾಳು ಪಲ್ಯ ಉಣ್ಣಲಿ. ಉಂಡ ಮೇಲೆ ನಿಮ್ಮ ಕಟ್ಟೆಗೆ ಬರುವ ಬದಲು ಹೊಲದ ದಾರಿ ಹಿಡಿದು ಒಂದಿಷ್ಟು ನಡೆಯಲಿ. ಐಸಿಎಂಆರ್ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 13 ಕೋಟಿ 60 ಲಕ್ಷ ಜನ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಆದ್ದರಿಂದ ನಿಮಗೆ ಪೇಶಂಟುಗಳ ಬರ ಬರುವುದಿಲ್ಲ.

ಕಟ್ಟೆಯವರೆಲ್ಲ ಪಟ್ಟಿ ಹಾಕಿ ಒಂದು ಗ್ಲುಕೋಮೀಟರ್ ಕೊಳ್ಳಿ. ಅಲ್ಲಿಯವರೆಗೆ ಯಾರಾದರೂ ಬೆವತು ಕೂತರೆ, ದೃಷ್ಟಿ ತೆಗೆಯುವ ಮುಂಚೆ ಒಂದೇ ಮಾತು ಕೇಳಿ: "ಶುಗರ್ ಗುಳಿಗಿ ತಗೊಂಡೀರೇನ್ರಿ?"

ಇಂತಿ,
ನಿಮ್ಮ ಹಳೆಯ ಪೇಶಂಟ್