ದೇರೆಬೈಲಿನ ಚಾರಣಾಚಾರ್ಯರು

ಮಂಗಳೂರಿನ ದೇರೆಬೈಲ್, ಕೊಂಚಾಡಿ ಮೊದಲಾದೆಡೆಗಳಲ್ಲಿ, ಉದ್ಯೋಗದಿಂದ ನಿವೃತ್ತನಾಗಿಯೋ ನಿವೃತ್ತಿಯ ಹೊಸ್ತಿಲಲ್ಲಿ ನಿಂತೋ ಇರುವ, ಮಕ್ಕಳು ಬೆಂಗಳೂರನ್ನೋ ದುಬಾಯಿಯನ್ನೋ ಸೇರಿಕೊಂಡಿರುವ, ರಕ್ತದೊತ್ತಡವು ವೈದ್ಯರ ಹಿಡಿತದಲ್ಲಿರುವ, ಮನೆಯ ತಾರಸಿಯಿಂದ ಪೂರ್ವದಿಕ್ಕಿಗೆ ನಿರಾತಂಕವಾದ ನೋಟವುಳ್ಳ ಗೃಹಸ್ಥನು ಯಾವನೋ, ಅವನು ಕಾಲಕ್ರಮದಲ್ಲಿ ಚಾರಣಾಚಾರ್ಯನಾಗಿ ಪರಿಣಮಿಸುವ ಸಂಭವವು ಬಹಳ. ಮಳೆ ತೊಳೆದು ಬಿಟ್ಟ ಅಕ್ಟೋಬರಿನ ಮುಂಜಾವಿನಲ್ಲಿ ಘಟ್ಟದ ನೀಲಿ ಸಾಲು ಕಂಡಾಗ ನಾವು ನೀವು ಕಾಫಿಯ ಲೋಟ ಹಿಡಿದು ‘ಎಂತ ಚಂದ ಮಾರಾಯ್ರೆ’ ಎಂದು ಒಳಗೆ ಹೋಗಿಬಿಡುತ್ತೇವೆ. ಆಚಾರ್ಯರು ಹೋಗಲೊಲ್ಲರು. ಅದು ಕುದುರೆಮುಖ, ಸುಮಾರು 1,890 ಮೀಟರ್. ಅದರ ಬಲಕ್ಕೆ ಬಲ್ಲಾಳರಾಯನ ದುರ್ಗ. ಇನ್ನೂ ಬಲಕ್ಕೆ, ಕಣ್ಣಿಗೆ ಕಾಣದಿದ್ದರೂ ಇದ್ದೇ ಇರುವುದು ಕುಮಾರಪರ್ವತ, 1,712 ಮೀಟರ್, ಎಂದು ಬೆರಳು ಚಾಚಿ ನಿರೂಪಿಸಿ, ಕೇಳುವವನ ಕಾಫಿ ಆರುವವರೆಗೂ ಬಿಡರು. ಇಷ್ಟು ಎತ್ತರಗಳನ್ನು ಬಾಯಿಪಾಠ ಹೇಳುವ ಈ ಮಹನೀಯರು ಬಿಜೈ ಮಾರುಕಟ್ಟೆಯಿಂದ ಅರ್ಧ ಕಿಲೋ ಬೆಂಡೆಕಾಯಿ ತರುವುದಕ್ಕೆ ರಿಕ್ಷಾ ಹಿಡಿಯುವರೆಂಬುದನ್ನು ಅವರ ಧರ್ಮಪತ್ನಿಯವರು ಬಂದವರಿಗೆಲ್ಲ ಹೇಳುತ್ತಿರುತ್ತಾರೆ.

ಈ ಊರಿಗೆ ಬೆಟ್ಟದ ಹುಚ್ಚು ಹೊಸತೇನೂ ಅಲ್ಲ. ಅತ್ರಿ ಬುಕ್ ಸೆಂಟರಿನ ಜಿ. ಎನ್. ಅಶೋಕವರ್ಧನರು ಪುಸ್ತಕ ಮಾರುತ್ತಲೇ ಗೆಳೆಯರ ದಂಡು ಕಟ್ಟಿ ಈ ಘಟ್ಟಗಳನ್ನು ಮೆಟ್ಟಿ, ಮೆಟ್ಟಿದ್ದನ್ನು ಬರೆದೂ ಇಟ್ಟವರು. ಇನ್ನು ಕುದುರೆಮುಖದ ವಿಷಯದಲ್ಲಂತೂ ಒಂದು ವಿನೋದವುಂಟು: 2005ರ ಕೊನೆಯವರೆಗೆ ಬೆಟ್ಟವೇ ಮಂಗಳೂರಿಗೆ ಬರುತ್ತಿತ್ತು. ಗಣಿಯ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿಯಬಿಟ್ಟರೆ ಅದು ಪಣಂಬೂರಿಗೆ ತಲಪುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಗಣಿ ನಿಂತಿತು. ಅಂದಿನಿಂದ ಮಂಗಳೂರೇ ಬೆಟ್ಟಕ್ಕೆ ಹೋಗತಕ್ಕದ್ದಾಯಿತು. ಹೋಗುವುದೆಂದ ಮೇಲೆ ಯೋಜನೆ ಬೇಕು, ಯೋಜನೆಗೆ ಆಚಾರ್ಯರು ಬೇಕು.

ಮೊದಲನೆಯದು ದಾರಿಯ ಅನ್ವೇಷಣೆ. 1767ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಗಳನ್ನು, ಮನೆಯ ಹಕ್ಕುಪತ್ರಗಳಿರುವ ಅದೇ ಕಪಾಟಿನಲ್ಲಿ, ಹಕ್ಕುಪತ್ರಗಳಿಗಿಂತ ಮೇಲಿನ ಅಂತಸ್ತಿನಲ್ಲಿ ಅವರು ಇರಿಸಿಕೊಂಡಿದ್ದಾರೆ. ಮೊಬೈಲಿನ ನಕ್ಷೆಯಲ್ಲಿ ಅವರಿಗೆ ನಂಬಿಕೆಯಿಲ್ಲ. ಅದು ಪೇಟೆಯಲ್ಲಿ ಔಷಧದ ಅಂಗಡಿ ಹುಡುಕುವವರಿಗೆ ಎನ್ನುತ್ತಾರೆ. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರಿನ ಲೆಕ್ಕದ ಆ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗಳಿಗೆ ನಾಲ್ಕು ಉಪ್ಪಿನಕಾಯಿ ಭರಣಿಗಳನ್ನಿಟ್ಟು, ಒದ್ದೆ ಮಾಡಿದ ದಾರವನ್ನು ಕಾಲುದಾರಿಯ ಅಂಕುಡೊಂಕುಗಳ ಮೇಲೆ ಕೂರಿಸುತ್ತ ಹೋಗುವಾಗ ಅವರ ಮುಖದಲ್ಲಿ ಮೂಡುವ ಏಕಾಗ್ರತೆಯನ್ನು ಅವರ ಕಛೇರಿಯ ಮೇಲಧಿಕಾರಿಗಳು ಎಂದೂ ಕಂಡಿರಲಾರರು. ಸಮೋನ್ನತ ರೇಖೆಗಳು ಒತ್ತೊತ್ತಾಗಿ ಸೇರಿದಲ್ಲಿ ‘ಇಲ್ಲಿ ಉಸಿರು ಹೋಗ್ತದೆ’ ಎಂದು ಗಂಭೀರವಾಗಿ ನುಡಿದು, ಅವು ಬಿಡಿಬಿಡಿಯಾದಲ್ಲಿ ‘ಇಲ್ಲಿ ಅವಲಕ್ಕಿ’ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತಾರೆ.

ನಕ್ಷೆಯ ಸಾಕ್ಷ್ಯ ಸಾಲದೆಂದು ಜನರ ಸಾಕ್ಷ್ಯವನ್ನೂ ಸಂಗ್ರಹಿಸುವುದುಂಟು. ಕಳಸದ ಬಸ್ಸಿನ ನಿರ್ವಾಹಕ, ಸಂಸೆಯ ಕಡೆಯಿಂದ ಅಡಕೆ ತರುವ ವ್ಯಾಪಾರಿ, ಚಾರ್ಮಾಡಿಯ ತಿರುವುಗಳಲ್ಲಿ ಲಾರಿ ನಡೆಸುವವ, ಇವರೆಲ್ಲ ತಮಗರಿವಿಲ್ಲದೆಯೇ ಆಚಾರ್ಯರ ಗೂಢಚಾರರು. ಆದರೆ ಘಟ್ಟದವರ ದೂರದ ಕಲ್ಪನೆಯೇ ಬೇರೆಯಷ್ಟೆ. ‘ಇಲ್ಲೇ, ಒಂದು ಕೂಗಳತೆ’ ಎಂದವರ ಮಾತನ್ನು ನಂಬಿ ಹೊರಟವನ ಕೂಗು ಅಡಗುವವರೆಗೂ ಆ ಸ್ಥಳ ಬರುವುದಿಲ್ಲ. ಆದಕಾರಣ ಗದ್ದೆಯಲ್ಲಿರುವವನು ಹೇಳಿದ ದೂರವನ್ನು ಮೂರರಿಂದಲೂ, ಜೀಪಿನಲ್ಲಿರುವವನು ಹೇಳಿದ್ದನ್ನು ಐದರಿಂದಲೂ ಗುಣಿಸತಕ್ಕದ್ದೆಂದು ಆಚಾರ್ಯರ ನಿಯಮ. ಹೀಗೆ ಸಿದ್ಧವಾದ ದಾರಿಯನ್ನು ಅವರು ಸುಲಭವಾಗಿ ಹೊರಗೆಡಹುವವರೂ ಅಲ್ಲ; ಮಗಳಿಗೆ ವರನನ್ನು ನೋಡಿ ಬಂದ ತಂದೆಯಂತೆ, ನಿಶ್ಚಯವಾಗುವ ತನಕ ನೆರೆಮನೆಗೆ ಸುಳಿವು ಕೊಡರು.

ಇನ್ನು ಕಾಲಗಣನೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿಯೊಬ್ಬನು 1892ರಲ್ಲಿ ಒಂದು ಸೂತ್ರವನ್ನು ಹೇಳಿದನು: ಐದು ಕಿಲೋಮೀಟರಿಗೆ ಒಂದು ಗಂಟೆ, ಏರಿದ ಪ್ರತಿ ಆರುನೂರು ಮೀಟರಿಗೆ ಮತ್ತೊಂದು ಗಂಟೆ. ಇದರ ಪ್ರಕಾರ ಮುಳ್ಳೋಡಿಯಿಂದ ಕುದುರೆಮುಖದ ತುದಿಗೆ ದಾರಿ ಹತ್ತು ಕಿಲೋಮೀಟರ್, ಏರು ಒಂಬೈನೂರು ಮೀಟರಿನ ಆಸುಪಾಸು ಎಂದಿಟ್ಟುಕೊಂಡರೆ ಮೂರೂವರೆ ಗಂಟೆ ಸಾಕು. ‘ಸಾಕು, ನೈಸ್ಮಿತ್ ಒಬ್ಬನೇ ಹೋದರೆ’ ಎಂದು ಆಚಾರ್ಯರು ತಿದ್ದುತ್ತಾರೆ. ಆ ಸ್ಕಾಟ್ಲೆಂಡಿನವನಿಗೆ ನಮ್ಮ ಉಂಬಳಗಳ ಪರಿಚಯವಿರಲಿಲ್ಲ. ಕಾಲ್ಚೀಲಕ್ಕೆ ಹೊಗೆಸೊಪ್ಪಿನ ಪುಡಿ ಬಳಿಯುವುದಕ್ಕೂ, ಬಳಿದ ಮೇಲೂ ಹತ್ತಿದ್ದನ್ನು ಸುಣ್ಣ ಮುಟ್ಟಿಸಿ ಕೀಳುವುದಕ್ಕೂ, ಕಿತ್ತ ಮೇಲೆ ಅದನ್ನು ಕುರಿತು ಮಾತಾಡುವುದಕ್ಕೂ ಕೂಡಿ ಅರ್ಧ ಗಂಟೆ. ಪ್ರತಿ ಹಳ್ಳದಲ್ಲಿಯೂ ಮುಖ ತೊಳೆಯುವ ಭಾವನಿಗೆ ಇಪ್ಪತ್ತು ನಿಮಿಷ. ಹೊಸ ಶೂ ಹಾಕಿಕೊಂಡು ಬಂದವನಿಗೆ ಮೊದಲರ್ಧದಲ್ಲಿ ಹತ್ತು, ಉತ್ತರಾರ್ಧದಲ್ಲಿ ಅರುವತ್ತು. ಚಿತ್ರ ತೆಗೆಯುವವರ ಕಾಲವನ್ನು ಮಾತ್ರ ಗಣಿತದಿಂದ ಹಿಡಿಯಲಾಗದೆಂದು ಕೈಬಿಟ್ಟು, ಅಂಥವರನ್ನೇ ತಂಡದಿಂದ ಕೈಬಿಡುವ ಮಾರ್ಗವನ್ನು ಹಿಡಿದಿದ್ದಾರೆ.

ಪಂಚಾಂಗವೂ ಅವರಿಗೆ ಸ್ವಂತದ್ದೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಜಾರುಬಂಡೆ, ಉಂಬಳ; ಫೆಬ್ರವರಿ ಬಂತೆಂದರೆ ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚತೊಡಗುತ್ತದೆ; ನಡುವೆ ಉಳಿದ ಭಾನುವಾರಗಳಿಂದ ಮದುವೆ, ಕೋಲ, ಬ್ರಹ್ಮಕಲಶ, ಯಕ್ಷಗಾನದ ಮರುದಿನಗಳನ್ನು ಕಳೆದರೆ ಕರಾವಳಿಯವನ ಪಾಲಿಗೆ ಬೆಟ್ಟ ಹತ್ತುವ ಋತುವು ಎಷ್ಟು ಕೃಶವೆಂದು ಲೆಕ್ಕ ಹಾಕಿ ತೋರಿಸಿ ನಿಟ್ಟುಸಿರಿಡುತ್ತಾರೆ. ಮೊಣಕಾಲಿನ ಪರೀಕ್ಷೆಗಾಗಿ ಆರಂಭದಲ್ಲಿ ಒಮ್ಮೆ ಬೆಳ್ತಂಗಡಿಯ ಗಡಾಯಿಕಲ್ಲು. ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ ಆ ಒಂಟಿ ಬಂಡೆಯ ಮೆಟ್ಟಿಲುಗಳಲ್ಲಿ ಎಲ್ಲಿ ಮಾತು ನಿಂತಿತೆಂಬುದನ್ನು ಗಮನಿಸಿ ಅಭ್ಯರ್ಥಿಯ ಯೋಗ್ಯತೆಯನ್ನು ನಿರ್ಣಯಿಸುವುದು ಪದ್ಧತಿ.

ಹೊರಡುವ ದಿನ ನಸುಕಿನ ನಾಲ್ಕಕ್ಕೆ ಕುಂಟಿಕಾನದಲ್ಲಿ ಸೇರಬೇಕು. ನಾಲ್ಕೂ ಐದಕ್ಕೆ ಬಂದವನು ಕಾರ್ಕಳದವರೆಗೂ ಉಪದೇಶಕ್ಕೆ ಪಾತ್ರನು. ಬಜಗೋಳಿಯಲ್ಲಿ ಸಜ್ಜಿಗೆ-ಬಜಿಲ್ ತಿನ್ನುವುದಕ್ಕೆ ನಿಗದಿಯಾದ ಕಾಲವಿದೆ. ಎರಡನೆಯ ಚಹಾ ಯೋಜನೆಯಲ್ಲಿಲ್ಲ. ಶೋಲಾ ಕಾಡಿನ ತಂಪು, ಹುಲ್ಲುಗಾವಲಿನ ಮೇಲೆ ಗಾಳಿ ಬಾಚಿದ ಗೆರೆ, ಇವನ್ನೆಲ್ಲ ಉಳಿದವರು ಬಾಯ್ಬಿಟ್ಟು ನೋಡುವಾಗ ಆಚಾರ್ಯರು ಗಡಿಯಾರವನ್ನು ನೋಡುತ್ತಾರೆ. ತುದಿ ಮುಟ್ಟಿದಾಗ ಸುತ್ತ ಮಂಜು ಕವಿದು ಅರಬ್ಬೀ ಸಮುದ್ರವೂ ಇಲ್ಲ, ಎದುರಿನ ಗುಡ್ಡವೂ ಇಲ್ಲ. ಎಲ್ಲರ ಮುಖವೂ ಬಾಡಿದೆ. ಆಚಾರ್ಯರೊಬ್ಬರ ಮುಖದಲ್ಲಿ ಮಾತ್ರ ಅಪೂರ್ವವಾದ ಕಾಂತಿ: ‘ನಾಲ್ಕು ನಿಮಿಷ ಮುಂಚೆ!’

ಇಂಥವರೊಡನೆ ಹೋಗುವುದೇಕೆ ಎನ್ನುವವರಿಗೆ ನಾನು ಒಂದು ಸಂಗತಿಯನ್ನು ಹೇಳಬೇಕು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೇವೆಯೋ ಅಲ್ಲಿಂದಲೇ ಹಿಂದಿರುಗತಕ್ಕದ್ದು ಎಂಬುದು ಅವರ ಶಾಸನದಲ್ಲಿ ತಿದ್ದುಪಡಿಯಿಲ್ಲದ ಕಲಮು. ತುದಿ ಕಣ್ಣೆದುರಿಗೇ ಕಾಣುತ್ತಿರಲಿ, ತರುಣರು ಕಾಲು ಹಿಡಿಯಲಿ, ಭಾವ ಮುನಿದುಕೊಳ್ಳಲಿ, ಒಂದಾಯಿತೆಂದರೆ ಅವರು ಬೆನ್ನು ತಿರುಗಿಸಿ ಇಳಿಯತೊಡಗುತ್ತಾರೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗಾದರೂ ಶೋಲಾದೊಳಗೆ ಕತ್ತಲೆ ಅದಕ್ಕಿಂತ ಬಹಳ ಮುಂಚೆಯೇ ಬಂದು ಕುಳಿತಿರುತ್ತದೆ. ಮಂಜು ಇಳಿದ ಹುಲ್ಲುಗುಡ್ಡದಲ್ಲಿ ಕಾಟಿಗಳ ಜಾಡೂ ಮನುಷ್ಯರ ಜಾಡೂ ಒಂದೇ ತೆರನಾಗಿ ಕಾಣುತ್ತವೆ. ಬೆಟ್ಟವನ್ನು ಪ್ರೀತಿಸುತ್ತೇವೆಂದು ಹಾಡಿಕೊಂಡು ಹೊರಟವರನ್ನು ಹುಡುಕುವುದಕ್ಕೆ ಊರವರು ಸೂಡಿ ಹಿಡಿದು ಹೊರಡಬೇಕಾದ ಸಂದರ್ಭಗಳುಂಟು. ಗಡಿಯಾರವನ್ನು ಪ್ರೀತಿಸುವ ನಮ್ಮ ಆಚಾರ್ಯರ ತಂಡದವರು ಬೆಳಕಿರುವಾಗಲೇ ಜೀಪು ಸೇರಿ, ಅವರನ್ನು ಮನಸಾರೆ ಬೈಯುತ್ತ, ರಾತ್ರಿಯ ಊಟಕ್ಕೆ ದೇರೆಬೈಲಿನಲ್ಲಿರುತ್ತಾರೆ. ರಸಿಕತೆಯ ದೃಷ್ಟಿಯಿಂದ ಇವರು ಅಸಹನೀಯರು. ಬೆಟ್ಟಕ್ಕೆ ಹೋಗುವುದಾದರೆ ನಾನು ಇನ್ನೊಬ್ಬರೊಡನೆ ಹೋಗಲಾರೆ.

ಆದ್ದರಿಂದ ಈ ಋತುವಿನಲ್ಲಿ ಕುದುರೆಮುಖದ ಕಡೆಗೆ ಮನಸ್ಸುಳ್ಳ ಓದುಗರು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿಯೇ ಹೆಸರು ನೋಂದಾಯಿಸಿಕೊಳ್ಳಿರಿ. ದಿನಕ್ಕೆ 300 ಮಂದಿಗೆ ಮಾತ್ರ ಅಲ್ಲಿ ಅವಕಾಶ. ಆಚಾರ್ಯರ ವಾಹನದಲ್ಲಿ ಅದಕ್ಕಿಂತಲೂ ಕಡಿಮೆ. ಅಲ್ಲಿ ಸ್ಥಳ ಸಿಕ್ಕಿದರೆ ಹಳೆಯ ಶೂ ಹಾಕಿಕೊಂಡು ಬನ್ನಿ, ಮತ್ತು ಬಜಗೋಳಿ ದಾಟುವವರೆಗೆ ತಿಂಡಿಗಲ್ಲದೆ ಬಾಯಿ ತೆರೆಯಬೇಡಿ.